ಫೋಟೋದಲ್ಲಿ ಕಥೆ ಹೇಳೋದನ್ನ ವರ್ಕ್‌ಶಾಪ್‌ನಲ್ಲಿ ಕಲಿಯಬಹುದಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಯಾಕಂದ್ರೆ ಆರು ವರ್ಷದ ಹಿಂದೆ ನಾನೂ ಇದನ್ನೇ ಕಂಡಕಂಡವರನ್ನೆಲ್ಲ ಕೇಳಿಕೊಂಡು ತಿರುಗುತ್ತಿದ್ದೆ. ಒಂದೊಂದೇ ನೋಡಿದರೆ ಫೋಟೋ ಚೆನ್ನಾಗಿವೆ, ಹತ್ತು ಸಾಲಾಗಿ ಇಟ್ಟರೆ ಏನೂ ಹೇಳಲ್ಲ, ಯೂಟ್ಯೂಬ್ ಸಾಕಾ ಅಥವಾ ದುಡ್ಡು ಕೊಟ್ಟು ವರ್ಕ್‌ಶಾಪ್‌ಗೆ ಹೋಗಬೇಕಾ ಅಂತ ತಾನೇ ನೀವು ಕೇಳಿರೋದು? ಹೋಗಿ. ಆದರೆ ಕ್ಯಾಮೆರಾ ಕಲಿಯೋಕೆ ಹೋಗಬೇಡಿ. ಅಪರ್ಚರ್, ಶಟರ್ ಎಲ್ಲ ಯೂಟ್ಯೂಬ್‌ನಲ್ಲಿ ಪುಕ್ಕಟೆ ಸಿಗುತ್ತೆ. ನಿಮ್ಮ ಫೋಟೋಗಳನ್ನು ಇನ್ನೊಬ್ಬರು ಎದುರಿಗೆ ಕೂತು ನೋಡಿ ಬೈಯೋದು ಮಾತ್ರ ಅಲ್ಲಿ ಸಿಗಲ್ಲ.

ಮೊದಲು ನಾನು ಮೋಸ ಹೋದ ಕಥೆ. ಹೆಸರು ಬೇಡ. ಒಂದು ಭಾನುವಾರ ಬೆಳಿಗ್ಗೆ ಇಪ್ಪತ್ತೈದು ಜನರನ್ನು ಒಂದು ಹಳ್ಳಿಗೆ ಕರೆದುಕೊಂಡು ಹೋದರು. ಅಲ್ಲಿ ಒಬ್ಬ ಅಜ್ಜನಿಗೆ ಕೆಂಪು ಪೇಟ ಸುತ್ತಿಸಿ, ಎತ್ತಿನ ಗಾಡಿ ಪಕ್ಕ ನಿಲ್ಲಿಸಿ, ಹಿಂದೆ ಹುಲ್ಲಿಗೆ ಬೆಂಕಿ ಹಾಕಿ ಹೊಗೆ ಎಬ್ಬಿಸಿದ್ದರು. ಇಪ್ಪತ್ತೈದು ಕ್ಯಾಮೆರಾದಲ್ಲೂ ಒಂದೇ ಫೋಟೋ. ಆ ಅಜ್ಜನ ಹೆಸರೇನು ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನನಗೆ ಜಾಸ್ತಿ ಲೈಕ್ ಬಂದಿರೋದು ಈಗಲೂ ಅದೇ ಫೋಟೋಗೆ, ಏನ್ ಮಾಡೋದು.

ನಾನು ಹೋದ ಎರಡನೇ ವರ್ಕ್‌ಶಾಪ್ ರಾಮನಗರದಲ್ಲಿ, ಎರಡು ದಿನ, ಎಂಟೇ ಜನ. ನಡೆಸಿದವರು ಪತ್ರಿಕೆಯಲ್ಲಿ ಫೋಟೋಗ್ರಾಫರ್ ಆಗಿದ್ದು ರಿಟೈರ್ ಆದವರು, ನಾವು ಮೇಷ್ಟ್ರು ಅಂತಿದ್ದೆವು. ಜಾಗ, ರೇಷ್ಮೆ ಗೂಡಿನ ಮಾರುಕಟ್ಟೆ. ಬೆಂಗಳೂರಿಂದ ಸುಮಾರು 50 ಕಿ.ಮೀ. ಅಷ್ಟೇ, ಆದರೂ ನಾನು ಒಳಗೆ ಕಾಲಿಟ್ಟಿರಲಿಲ್ಲ. ರೈತರು ಚೀಲದಲ್ಲಿ ಗೂಡು ತಂದು ಸುರಿಯುತ್ತಾರೆ, ಒಂದು ಕಡೆ ಹಳದಿ ರಾಶಿ, ಇನ್ನೊಂದು ಕಡೆ ಬಿಳಿ ರಾಶಿ. ನೂಲು ತೆಗೆಯೋ ರೀಲರ್‌ಗಳು ಬಂದು ಒಂದಷ್ಟು ಗೂಡು ಕೈಗೆ ತಗೊಂಡು, ಅಮುಕಿ ನೋಡಿ, ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಆಮೇಲೆ ಮೊಬೈಲ್‌ನಲ್ಲಿ ಹರಾಜು ಕೂಗುತ್ತಾರೆ, ಅಂದ್ರೆ ಕೂಗೋದೇನಿಲ್ಲ, ಬೆರಳಲ್ಲಿ ಒತ್ತುತ್ತಾರೆ.

ಮೊದಲ ಒಂದು ಗಂಟೆ ಕ್ಯಾಮೆರಾ ಬ್ಯಾಗಿಂದ ತೆಗೆಯೋ ಹಾಗಿಲ್ಲ ಅಂದರು ಮೇಷ್ಟ್ರು. ಉರಿದು ಹೋಯಿತು ನನಗೆ, ದುಡ್ಡು ಕೊಟ್ಟು ಬಂದಿರೋದು ಸುಮ್ನೆ ನಿಲ್ಲೋಕಾ ಅಂತ. ಬೇರೆ ದಾರಿ ಇಲ್ಲದೆ ಪಕ್ಕದಲ್ಲಿದ್ದ ರೈತರೊಬ್ಬರ ಹತ್ತಿರ ಮಾತಿಗೆ ನಿಂತೆ. "ಮೂರ್ನೇ ಜ್ವರ ಎದ್ದಾಗ ಸೊಪ್ಪು ಸಾಲ್ದೇ ಹೋಯ್ತು ಸಾರ್, ದುಡ್ಡು ಕೊಟ್ಟು ತಂದಾಕ್ದೆ" ಅಂದರು. ಹುಳಕ್ಕೆ ಕಾಯಿಲೆ ಬಂದಿತ್ತೇನೋ ಅಂದುಕೊಂಡು ಅಯ್ಯೋ ಪಾಪ ಅಂದೆ. ಅವರು ನಕ್ಕರು. ಜ್ವರ ಅಂದರೆ ಹುಳ ಮೇವು ಬಿಟ್ಟು ಪೊರೆ ಕಳಚೋ ಹೊತ್ತು, ಗೂಡು ಕಟ್ಟೋದ್ರೊಳಗೆ ನಾಲ್ಕು ಸಲ ಬರುತ್ತಂತೆ. ಆಮೇಲೆ ಗಮನಿಸಿದೆ, ರೀಲರ್ ಬಂದಾಗ ಅವರು ಗೂಡಿನ ಕಡೆ ನೋಡ್ತಾನೇ ಇರಲಿಲ್ಲ, ರೀಲರ್‌ನ ಕೈ ನೋಡುತ್ತಿದ್ದರು. ಕ್ಯಾಮೆರಾ ಕಣ್ಣಿಗೆ ಅಂಟಿಸಿಕೊಂಡಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ನಿಜವಾದ ಪಾಠ ಇದ್ದದ್ದು ಎರಡನೇ ದಿನ ಸಂಜೆ. ಅಷ್ಟು ಹೊತ್ತಿಗೆ ನನ್ನ ಹತ್ತಿರ 640 ಫೋಟೋ ಇದ್ದವು. ನಲವತ್ತು ಆರಿಸಿ ಅಂದರು, ಊರಲ್ಲೇ ಸ್ಟುಡಿಯೋದಲ್ಲಿ ಸಣ್ಣ ಪ್ರಿಂಟ್ ಹಾಕಿಸಿದೆವು, ಲಾಡ್ಜ್ ರೂಮಿನ ನೆಲದ ಮೇಲೆ ಹರಡಿದೆವು. ಉಳಿದ ಏಳು ಜನ ನೋಡಿ ಏನು ಅರ್ಥ ಆಯ್ತು ಅಂತ ಹೇಳಬೇಕು, ಫೋಟೋ ತೆಗೆದವನು ಬಾಯಿ ಬಿಡಂಗಿಲ್ಲ. ಇದು ಎಷ್ಟು ಕಷ್ಟ ಅಂತ ಕೂತು ನೋಡಿದವರಿಗೇ ಗೊತ್ತು. ನನಗೆ ತುಂಬಾ ಇಷ್ಟವಾದ ಫೋಟೋ ಒಂದಿತ್ತು, ಮೇಲಿಂದ ಬಿಸಿಲುಕೋಲು ಬಿದ್ದು, ಧೂಳು ಹೊಳೆದು, ಜನ ಕಪ್ಪು ಕಪ್ಪಾಗಿ ನಿಂತಿರೋದು. ಮೇಷ್ಟ್ರು ಅದನ್ನ ಮಗುಚಿ ಹಾಕಿದರು. "ಬೆಳಕು ಚೆನ್ನಾಗಿದೆ. ಆದ್ರೆ ಮೀನು ಮಾರ್ಕೆಟ್ ಆಗಿದ್ರೂ ಇದು ಹಿಂಗೇ ಇರ್ತಿತ್ತು." ಎರಡು ನಿಮಿಷ ಕೋಪ ಬಂತು, ಆಮೇಲೆ ಹೌದಲ್ವಾ ಅನಿಸಿತು. ನಾನು ಡಿಲೀಟ್ ಮಾಡಬೇಕು ಅಂದುಕೊಂಡಿದ್ದ ಒಂದು ಅಲುಗಾಡಿದ ಫೋಟೋ ಮೊದಲನೇ ಜಾಗಕ್ಕೆ ಬಂತು. ಮುಂದೆ ಕಿವಿ ಹತ್ತಿರ ಗೂಡು ಅಲ್ಲಾಡಿಸೋ ಕೈ, ಹಿಂದೆ ಮಸುಕಾಗಿ ಅದೇ ರೈತರ ಮುಖ, ಬಾಯಿ ಅರ್ಧ ತೆರೆದಿದೆ.

ಕೊನೆಗೆ ಉಳಿದದ್ದು ಒಂಬತ್ತು. ಒಬ್ಬರು ಕೇಳಿದರು, "ಆಮೇಲೆ ಏನಾಯ್ತು? ಮಾರಾಟ ಆಯ್ತಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಹರಾಜು ಮುಗಿಯುತ್ತಿದ್ದಂತೆ ನಾನು ಇಡ್ಲಿ ತಿನ್ನೋಕೆ ಹೋಗಿದ್ದೆ.

ಆವಾಗ ಮೇಷ್ಟ್ರು ಯೂಜಿನ್ ಸ್ಮಿತ್ ಅನ್ನೋ ಫೋಟೋಗ್ರಾಫರ್ ವಿಷಯ ತೆಗೆದರು. 1948ರಲ್ಲಿ ಲೈಫ್ ಪತ್ರಿಕೆಗಾಗಿ ಅಮೆರಿಕದ ಕೊಲರಾಡೊದ ಕ್ರೆಮ್ಲಿಂಗ್ ಅನ್ನೋ ಸಣ್ಣ ಊರಲ್ಲಿ ಒಬ್ಬ ಡಾಕ್ಟರ ಬೆನ್ನು ಹತ್ತಿ 23 ದಿನ ಇದ್ದವನು. ಡಾಕ್ಟರಿಗೆ ಅಭ್ಯಾಸ ಆಗಲಿ ಅಂತ ಶುರುವಿನಲ್ಲಿ ಫಿಲ್ಮೇ ಹಾಕದೆ ಕ್ಲಿಕ್ ಮಾಡುತ್ತಿದ್ದನಂತೆ. ಆ ಸರಣಿಯಲ್ಲಿ ಎಲ್ಲರ ನೆನಪಲ್ಲಿ ಉಳಿದಿರೋದು ಆಪರೇಷನ್ ಮುಗಿದ ಮೇಲಿನ ಫೋಟೋ, ನಡುರಾತ್ರಿ ಡಾಕ್ಟರು ಕಾಫಿ ಕಪ್ ಹಿಡಿದು ಸುಸ್ತಾಗಿ ಒರಗಿ ನಿಂತಿರೋದು. ಆ ಹೊತ್ತಲ್ಲಿ ಸ್ಮಿತ್ ಇಡ್ಲಿ ತಿನ್ನೋಕೆ ಹೋಗಿರಲಿಲ್ಲ ಅಂತ ಎಲ್ಲರೂ ನನ್ನ ಕಾಲೆಳೆದರು.

ದೂರದ್ದೊಂದು, ಹತ್ತಿರದ್ದೊಂದು, ಮುಖ, ಕೈ, ಕೊನೆಗೊಂದು ಅನ್ನೋ ಪಟ್ಟಿ ಎಲ್ಲರೂ ಕೊಡುತ್ತಾರೆ. ತಪ್ಪೇನಿಲ್ಲ, ಆದರೆ ಬರೀ ಅದನ್ನೇ ಹಿಡಿದು ತೆಗೆದರೆ ಶಾಲೆ ಪ್ರಾಜೆಕ್ಟ್ ಥರ ಆಗುತ್ತೆ. ಅದಕ್ಕಿಂತ ನಮ್ಮ ಮೈಸೂರಿನ ಪತ್ರಿಕಾ ಫೋಟೋಗ್ರಾಫರ್ ಟಿ.ಎಸ್. ಸತ್ಯನ್ (1923–2009) ಅವರು ತೆಗೆದ ಫೋಟೋ ಹುಡುಕಿ ನೋಡಿ, ಅದರಲ್ಲೂ ಸಿಡುಬು ತೊಲಗಿಸೋ ಕೆಲಸದ ಕಾಲದವು.

ದುಡ್ಡು ಕಟ್ಟೋ ಮೊದಲು ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ. ಎಷ್ಟು ಜನ ಇರ್ತಾರೆ, ಮತ್ತೆ ತೆಗೆದ ಫೋಟೋ ಕೂತು ನೋಡೋಕೆ ಎಷ್ಟು ಗಂಟೆ ಇಟ್ಟಿದ್ದೀರಿ. "ಮಾಡೆಲ್ ಕರೆಸ್ತೀವಿ ಸರ್" ಅಂದರೆ ಫೋನ್ ಇಟ್ಟುಬಿಡಿ. ಹೊಸ ಲೆನ್ಸ್ ತಗೊಳ್ಳೋದೂ ಬೇಡ, ಕ್ಯಾಮೆರಾ ಜೊತೆ ಬರೋ 18-55 ಸಾಕು, ನಾನು ತೆಗೆದದ್ದೆಲ್ಲ ಅದರಲ್ಲೇ.

ಅಂದಹಾಗೆ, ಮುಂದಿನ ವಾರ ಒಬ್ಬನೇ ರಾಮನಗರಕ್ಕೆ ಹೋದೆ. ಆ ರೈತರು ಇರಲಿಲ್ಲ, ಮುಂದಿನ ಬೆಳೆಗೇ ಬರೋದು ಅಂತ ಗೊತ್ತಿದ್ದೂ ಹುಡುಕಿದೆ. ಬೇರೆ ಒಬ್ಬರು ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಅಕೌಂಟಿಗೆ ದುಡ್ಡು ಬಿತ್ತಾ ಅಂತ ಮೊಬೈಲ್ ನೋಡುತ್ತಾ ಗೇಟಿನ ಹತ್ತಿರ ನಿಂತಿದ್ದರು. ಹೆಸರು ಕೇಳಿ, ಟೀ ಕುಡಿಸಿ, ಆಮೇಲೆ ತೆಗೆದೆ.