ವೀಣೆಯೂ ಇರಲಿ, ಜಿಮ್ಮೂ ಇರಲಿ: ಮೊದಲು ನಿಮ್ಮ ಮುಂಗೈ ನೋಡಿಕೊಳ್ಳಿ

ಸಂಗೀತ, ಚಿತ್ರ, ಕುಣಿತ ಅಂತ ಕಲೆ ಕಟ್ಟಿಕೊಂಡವರು ಹೊಸದಾಗಿ ಜಿಮ್‌ಗೆ ಸೇರಿದಾಗ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಎರಡರಲ್ಲಿ ಯಾವುದನ್ನು ಬಿಡಲಿ?" ಫಿಸಿಯೋಥೆರಪಿಸ್ಟ್ ಆಗಿ ನನಗೆ ಬೇಸರ ತರಿಸುವುದು ಈ ಪ್ರಶ್ನೆಯಲ್ಲ. ಇದಕ್ಕೆ ಸುತ್ತಲಿನವರು ಕೊಡುವ ಉತ್ತರಗಳು. ವಾರ್ಮಪ್ ಮಾಡಿ, ನೀರು ಕುಡಿಯಿರಿ ಎನ್ನುವುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅದು ನಿಮಗೆ ಗೊತ್ತು.

ಪ್ರಶ್ನೆ: ಒಂಬತ್ತು ವರ್ಷದಿಂದ ವೀಣೆ ಕಲಿಯುತ್ತಿದ್ದೇನೆ. ಶುಗರ್ ಗಡಿಯಲ್ಲಿದೆ ಎಂದು ಡಾಕ್ಟರ್ ಹೇಳಿದ ಮೇಲೆ ಎರಡು ತಿಂಗಳಿಂದ ವಾರಕ್ಕೆ ಐದು ದಿನ ಜಿಮ್‌ಗೆ ಹೋಗುತ್ತಿದ್ದೇನೆ. ಆರರಿಂದ ಏಳು ಜಿಮ್, ಏಳೂವರೆಗೆ ವೀಣೆ ಸಾಧನೆ. ಈಗ ಎಡಗೈ ಬೆರಳು ಬಿಗಿಯುತ್ತವೆ. ತಂತಿ ಎಳೆದು ಗಮಕ ನುಡಿಸಿದರೆ ಶ್ರುತಿ ಇಳಿಯುತ್ತದೆ. ಟ್ರೈನರ್ "ನೋವಾದ್ರೆ ತಾನೇ ಮಸಲ್ ಬರೋದು" ಎನ್ನುತ್ತಾರೆ. ನಮ್ಮ ಗುರುಗಳು "ಬೆರಳು ದಪ್ಪ ಆಗಿ ನಾದ ಹೋಗುತ್ತೆ, ಜಿಮ್ ಬಿಡಮ್ಮ" ಎನ್ನುತ್ತಾರೆ. ಯಾರ ಮಾತು ಕೇಳಲಿ?

ಈ ವಿಷಯದಲ್ಲಿ ಇಬ್ಬರದೂ ಬೇಡ. ಗುರುಗಳಿಗೆ ಗೌರವದಿಂದಲೇ ಹೇಳಿ: ಬೆರಳಿನೊಳಗೆ ದಪ್ಪವಾಗುವಂಥ ಸ್ನಾಯುವೇ ಇಲ್ಲ. ಬೆರಳು ಮಡಚುವ ದೊಡ್ಡ ಸ್ನಾಯುಗಳಿರುವುದು ಮುಂಗೈಯಲ್ಲಿ, ಮೊಣಕೈ ಕೆಳಗೆ. ಅಲ್ಲಿಂದ ಸ್ನಾಯುವನ್ನು ಮೂಳೆಗೆ ಜೋಡಿಸುವ ಹುರಿಗಳಾದ ಟೆಂಡನ್‌ಗಳು ಮಣಿಕಟ್ಟು ದಾಟಿ ಬೆರಳಿಗೆ ಬರುತ್ತವೆ. ನಿಮ್ಮ ತೊಂದರೆಯ ಮೂಲ ಇದೇ.

ವೀಣೆಯಲ್ಲಿ ಎಡಗೈಯ ತೋರುಬೆರಳು, ನಡುಬೆರಳು ತಂತಿಯನ್ನು ಮೆಟ್ಟಿಲಿಗೆ (ದಂಡಿಯ ಮೇಲಿನ ಅಡ್ಡಪಟ್ಟಿಗೆ) ಒತ್ತಿ ಪಕ್ಕಕ್ಕೆ ಎಳೆಯುತ್ತವೆ. ಒಂದೇ ಮೆಟ್ಟಿಲಲ್ಲಿ ಮೇಲಿನ ಸ್ವರ ಹುಟ್ಟುವುದು ಆ ಎಳೆತದಿಂದ. ಎಳೆತ ಕೂದಲೆಳೆಯಷ್ಟು ಸಡಿಲವಾದರೂ ಶ್ರುತಿ ಇಳಿಯುತ್ತದೆ. ಡಂಬೆಲ್ ಹಿಡಿಯುವುದು, ಡೆಡ್‌ಲಿಫ್ಟ್‌ನಲ್ಲಿ ರಾಡ್ ಎತ್ತುವುದು, ಪುಲ್‌ಡೌನ್ ಎಳೆಯುವುದು, ಎಲ್ಲವೂ ಅದೇ ಸ್ನಾಯುಗಳ ಕೆಲಸ. ಆರರಿಂದ ಏಳರವರೆಗೆ ಅವನ್ನು ದುಡಿಸಿ ಸುಸ್ತು ಮಾಡಿ, ಏಳೂವರೆಗೆ ಸೂಕ್ಷ್ಮವಾದ ಕೆಲಸ ಕೇಳುತ್ತಿದ್ದೀರಿ. ಶ್ರುತಿ ಇಳಿಯದೆ ಇನ್ನೇನಾಗಬೇಕು?

ಮೊದಲು ಕ್ರಮ ಬದಲಿಸಿ. ಬೆಳಗ್ಗೆ ಸಾಧನೆ, ಆಮೇಲೆ ಜಿಮ್. ಜಿಮ್ ಸಮಯ ಬದಲಿಸಲು ಆಗದಿದ್ದರೆ ಸಾಧನೆ ಸಂಜೆಗೆ ಹೋಗಲಿ. ಇಷ್ಟರಿಂದಲೇ ಅರ್ಧ ತೊಂದರೆ ಕಡಿಮೆಯಾಗಬೇಕು.

ಇನ್ನು ಐದು ದಿನವೂ ಕೈಗೆ ಭಾರ ಯಾಕೆ? ನೀವು ಜಿಮ್‌ಗೆ ಹೋಗಿದ್ದು ಶುಗರ್‌ಗೆ. ಕೆಲಸ ಮಾಡುವ ಸ್ನಾಯು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ದೇಹದ ಅತಿ ದೊಡ್ಡ ಸ್ನಾಯುಗಳಿರುವುದು ತೊಡೆ, ಪೃಷ್ಠದಲ್ಲಿ. ಲೆಗ್ ಪ್ರೆಸ್, ಬಸ್ಕಿ, ಮೆಟ್ಟಿಲು ಹತ್ತುವುದು, ಬಿರುಸಿನ ನಡಿಗೆ ಇವಕ್ಕೆ ಮುಷ್ಟಿ ಬಿಗಿಯುವ ಕೆಲಸವೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ವ್ಯಾಯಾಮ, ಜೊತೆಗೆ 2 ದಿನ ಸ್ನಾಯು ಬಲದ ವ್ಯಾಯಾಮ. ಎಳೆಯುವ ವ್ಯಾಯಾಮಗಳನ್ನೆಲ್ಲ ಆ ಎರಡು ದಿನಕ್ಕೆ ಸೇರಿಸಿ. ಭಾರ ಜಾಸ್ತಿ ಇದ್ದಾಗ ಮಣಿಕಟ್ಟಿಗೆ ಲಿಫ್ಟಿಂಗ್ ಸ್ಟ್ರಾಪ್ (ರಾಡಿಗೆ ಸುತ್ತಿ ಮುಷ್ಟಿಯ ಭಾರ ಇಳಿಸುವ ಪಟ್ಟಿ) ಕಟ್ಟಿಕೊಳ್ಳಿ. "ಅದು ಮೋಸ" ಅಂತ ಯಾರಾದರೂ ಹೇಳಿದರೆ ಹೇಳಲಿ, ಅವರು ವೀಣೆ ನುಡಿಸುವುದಿಲ್ಲ ಅಲ್ವಾ? ದಪ್ಪ ಗ್ಲೌಸ್ ಮಾತ್ರ ಬೇಡ. ರಾಡ್ ಇನ್ನಷ್ಟು ದಪ್ಪವಾದಂತಾಗಿ ಮುಷ್ಟಿಗೆ ಕೆಲಸ ಹೆಚ್ಚುತ್ತದೆ.

ಇನ್ನೊಂದು ವಿಷಯ. ಹೊಸ ವ್ಯಾಯಾಮದ ನೋವು ಅದೇ ದಿನ ಪೂರ್ತಿ ಬರುವುದಿಲ್ಲ. 24ರಿಂದ 72 ಗಂಟೆಯೊಳಗೆ ಜೋರಾಗುತ್ತದೆ. ಹಾಗಾಗಿ ಸಂಗೀತ ಕಚೇರಿಗೆ ಮುಂಚಿನ ಮೂರು ದಿನ ಹೊಸ ವ್ಯಾಯಾಮ ಮುಟ್ಟಬೇಡಿ. ಸ್ನಾಯು ಕೆಲವೇ ವಾರದಲ್ಲಿ ಬಲವಾಗುತ್ತದೆ, ಟೆಂಡನ್‌ಗೆ ತಿಂಗಳುಗಳು ಬೇಕು. ಎತ್ತಲು ಆಗುತ್ತಿದೆ ಅಂತ ತೂಕ ಏರಿಸುತ್ತಾ ಹೋದವರೇ ಮಣಿಕಟ್ಟು ಹಿಡಿದುಕೊಂಡು ಬರುವುದು. ಸಾಧನೆಯ ಸಮಯ ಹೆಚ್ಚಿಸಿದ ವಾರ ತೂಕ ಹೆಚ್ಚಿಸಬೇಡಿ. ಇದರಲ್ಲಿ ನಾನು ಸ್ವಲ್ಪ ಅತಿ ಎಚ್ಚರಿಕೆಯವಳು, ಇರಲಿ. ತೂಕ ಮುಂದಿನ ತಿಂಗಳೂ ಏರಿಸಬಹುದು. ಕೆಟ್ಟ ಟೆಂಡನ್ ತಿಂಗಳುಗಟ್ಟಲೆ ವೀಣೆ ಮುಟ್ಟಲು ಬಿಡುವುದಿಲ್ಲ.

ಯಾವ ನೋವಿಗೆ ಹೆದರಬೇಕು? ಎರಡೂ ಮುಂಗೈ ಭಾರವಾಗಿ ನೋಯ್ದು ಎರಡು ಮೂರು ದಿನದಲ್ಲಿ ಹೋದರೆ ಸುಮ್ನೆ ಬಿಡಿ. ಒಂದೇ ಜಾಗದಲ್ಲಿ ಚುಚ್ಚಿದರೆ, ಹೆಬ್ಬೆರಳು ಎತ್ತಿದಾಗ ಮಣಿಕಟ್ಟಿನ ಪಕ್ಕ ನೋಯ್ದರೆ ಜಿಮ್ ನಿಲ್ಲಿಸಿ, ತೋರಿಸಿ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ ಮಣಿಕಟ್ಟಿನಲ್ಲಿ ನರ ಅಮುಕಿರಬಹುದು. ಕಿರುಬೆರಳು, ಉಂಗುರ ಬೆರಳಾದರೆ ಹೆಚ್ಚಾಗಿ ಮೊಣಕೈ ಹತ್ತಿರ. ಎರಡಕ್ಕೂ ಡಾಕ್ಟರ್ ಬೇಕು. "ನರ ಹೊರಳಿದೆ, ಎಳೆದು ಕೂರಿಸ್ತೀನಿ" ಎನ್ನುವವರ ಕೈಗೆ ದಯವಿಟ್ಟು ನಿಮ್ಮ ಕೈ ಕೊಡಬೇಡಿ. ಊದಿದ ಟೆಂಡನ್ ಮೇಲೆ ಎಣ್ಣೆ ಹಚ್ಚಿ ಹೆಬ್ಬೆರಳಿಂದ ಉಜ್ಜಿಸಿಕೊಂಡು ಬರುವವರನ್ನು ನೋಡಿದರೆ ನನಗೆ ಸಿಟ್ಟೇ ಬರುತ್ತದೆ. ಅಷ್ಟರಲ್ಲಿ ವಾಸಿಯಾಗುವ ಸಮಯ ಇನ್ನಷ್ಟು ಹೆಚ್ಚಿರುತ್ತದೆ.

ಪ್ರಶ್ನೆ: ಹಾಡುಗಾರ್ತಿ ನಾನು. ಭಾರ ಎತ್ತಿದರೆ ಕಂಠ ಕೆಡುತ್ತದೆಯೇ?

ಭಾರದಿಂದಲ್ಲ, ಉಸಿರು ಬಿಗಿಹಿಡಿದು ಮುಲುಕುವುದರಿಂದ. ಆಗ ಧ್ವನಿತಂತುಗಳು ಬಿಗಿಯಾಗಿ ಮುಚ್ಚಿ ಒಂದಕ್ಕೊಂದು ಒತ್ತುತ್ತವೆ. ಎತ್ತುವಾಗ ಉಸಿರು ಬಿಡಿ. ಜೋರು ಹಾಡು ಹಾಕಿದ ಜಿಮ್‌ನಲ್ಲಿ ಕಿರುಚಿ ಹರಟಬೇಡಿ.

ಪ್ರಶ್ನೆ: ಜಿಮ್ ಆದ ಮೇಲೆ ಚಿತ್ರ ಬಿಡಿಸಲು ಕೂತರೆ ಕೈ ನಡುಗುತ್ತದೆ. ನರ ದೌರ್ಬಲ್ಯವೇ? ಜಾಹೀರಾತಿನಲ್ಲಿ ಬರುವ ನರದ ಪುಡಿ ತರಿಸಲೇ?

ಸುಸ್ತಾದ ಸ್ನಾಯು ನಡುಗುತ್ತದೆ. ಸಣ್ಣ ಗೆರೆಗಳ ಕೆಲಸ ಜಿಮ್‌ಗೆ ಮುಂಚೆ ಮುಗಿಸಿ. ವ್ಯಾಯಾಮಕ್ಕೆ ಮುಂಚೆ ಪ್ರಿ-ವರ್ಕೌಟ್ ಪುಡಿ ಕುಡಿಯುತ್ತಿದ್ದರೆ ಅದರಲ್ಲಿ ಕೆಫೀನ್ ಎಷ್ಟಿದೆ, ಡಬ್ಬಿ ತಿರುಗಿಸಿ ಓದಿ. ನಡುಕಕ್ಕೆ ಅದೂ ಸಾಕು. ಜಾಹೀರಾತಿನ ಪುಡಿ ತರಿಸಬೇಡಿ. ಜಿಮ್‌ಗೆ ಹೋಗದ ದಿನವೂ ನಡುಗಿದರೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಹವ್ಯಾಸಿ ಯಕ್ಷಗಾನ ವೇಷಧಾರಿ. ರಾತ್ರಿಯಿಡೀ ಆಟ ಮುಗಿಸಿ ಬೆಳಗ್ಗೆ ಜಿಮ್ ತಪ್ಪಿಸಬಾರದಲ್ಲವೇ?

ತಪ್ಪಿಸಿ. ಮಲಗಿ.

ಪ್ರಶ್ನೆ: ಭರತನಾಟ್ಯ ಕಲಿಯುತ್ತೇನೆ. ಜಿಮ್‌ನಲ್ಲಿ ಪಂಥ ಕಟ್ಟಿ ಒಂದೇ ಸಲ ನೂರಾರು ಬಸ್ಕಿ ಹೊಡೆದೆ. ಮರುದಿನ ತೊಡೆ ಊದಿ, ಮೂತ್ರ ಕೋಲಾ ಬಣ್ಣಕ್ಕೆ ತಿರುಗಿತ್ತು. ಟ್ರೈನರ್ ಎಳನೀರು ಕುಡಿ ಎಂದರು. ಈಗ ಸರಿಯಾಗಿದೆ. ಮತ್ತೆ ಶುರು ಮಾಡಲೇ?

ಇಲ್ಲ. ಮೊದಲು ಡಾಕ್ಟರ ಹತ್ತಿರ ಹೋಗಿ, ನಡೆದದ್ದನ್ನು ಹೀಗೇ ಹೇಳಿ. ಸಿಕೆ (ಸ್ನಾಯು ಒಡೆದದ್ದನ್ನು ತೋರಿಸುವುದು) ಮತ್ತು ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ ತೋರಿಸುವುದು) ರಕ್ತಪರೀಕ್ಷೆ ಮಾಡಿಸಿ. ಸ್ನಾಯು ಒಡೆದು ಅದರ ಅಂಶ ರಕ್ತಕ್ಕೆ ಸೇರಿದಾಗ ಮೂತ್ರ ಆ ಬಣ್ಣಕ್ಕೆ ಬರುತ್ತದೆ, ಕಿಡ್ನಿ ಕೆಡಬಹುದು. ಎಳನೀರು ಅದಕ್ಕೆ ಚಿಕಿತ್ಸೆಯಲ್ಲ. ಇನ್ನೊಮ್ಮೆ ಹಾಗಾದರೆ ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಹೋಗಬೇಕು. ವರದಿ ನೋಡಿ ಡಾಕ್ಟರ್ ಒಪ್ಪುವವರೆಗೆ ನೃತ್ಯದ ಅರೆಮಂಡಿಯೂ (ಮಂಡಿ ಮಡಚಿ ಅರ್ಧ ಕೂರುವ ಭಂಗಿ) ಬೇಡ, ಜಿಮ್ಮೂ ಬೇಡ.