ಭತ್ತದ ಹೊಟ್ಟಿನಿಂದ ನೀರು ಶುದ್ಧ ಮಾಡೋ ಕಾರ್ಬನ್ ಮಾಡಬಹುದಾ?

ಗಂಗಾವತಿಯ ರೈಸ್ ಮಿಲ್ಲಿನ ಹೊಟ್ಟಿನಿಂದ ಕಾರ್ಬನ್ ಮಾಡಿ ಜೀನ್ಸ್ ತೊಳೆದ ನೀರು, ಊರಿನ ಫ್ಲೋರೈಡ್ ನೀರು ಎರಡನ್ನೂ ಸರಿ ಮಾಡಬಹುದಾ ಅಂತ ಕೇಳಿದ್ದೀರಿ. ಜೀನ್ಸ್ ನೀರಿಗೆ ಆಗುತ್ತೆ. ಫ್ಲೋರೈಡಿಗೆ ದಯವಿಟ್ಟು ಬೇಡ.

ನಾನು ಬಳ್ಳಾರಿಯಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಹೊಟ್ಟು, ಹತ್ತಿ ಕಟ್ಟಿಗೆ, ಬಳ್ಳಾರಿ ಜಾಲಿ ಮೂರನ್ನೂ ಹುಡುಗರ ಪ್ರಾಜೆಕ್ಟಿಗೆ ಸುಟ್ಟು ನೋಡಿದ್ದೇವೆ.

ಮಿಲ್ಲಿನ ಬಾಯ್ಲರಿನಿಂದ ಬಿದ್ದ ಬಿಳಿಚು ಬೂದಿ ತರಬೇಡಿ. ಅದರಲ್ಲಿ ಕಾರ್ಬನ್ ಸುಟ್ಟು ಹೋಗಿ ಬಹುಪಾಲು ಸಿಲಿಕಾ (ಮರಳಿನಲ್ಲಿರೋ ವಸ್ತು) ಉಳಿದಿರುತ್ತೆ. ಹಸಿ ಹೊಟ್ಟನ್ನೇ ತಂದು, ಒಣಗಿಸಿ, ಗಾಳಿ ಆಡದ ಹಾಗೆ ಮುಚ್ಚಿದ ಡಬ್ಬಿಯಲ್ಲಿ ಕಾಯಿಸಬೇಕು. ಹೊಗೆ ಹೋಗಲು ಸಣ್ಣ ತೂತು ಮಾತ್ರ ಇರಲಿ. ಸರಿಯಾಗಿ ಬೆಂದರೆ ಹೊಟ್ಟಿನ ಆಕಾರ ಹಾಗೇ ಇರುತ್ತೆ, ಕಪ್ಪಗೆ, ಬೆರಳಲ್ಲಿ ಹಿಸುಕಿದರೆ ಪುಡಿ.

ಇದಿನ್ನೂ ಬರೀ ಇದ್ದಿಲು. ಬಣ್ಣ ಹಿಡಿಯೋ ಒಳಗಿನ ಸೂಕ್ಷ್ಮ ರಂಧ್ರ ತೆರೆಯಲು ಒಣ ಹೊಟ್ಟನ್ನು ಮೊದಲೇ ಫಾಸ್ಫಾರಿಕ್ ಆಮ್ಲದಲ್ಲಿ ನೆನೆಸಿ 400–500 ಡಿಗ್ರಿಯಲ್ಲಿ ಕಾಯಿಸುತ್ತಾರೆ. ಇಲ್ಲಾಂದ್ರೆ ಇದ್ದಿಲಿಗೆ 800–900 ಡಿಗ್ರಿಯಲ್ಲಿ ಹಬೆ ಕೊಡುತ್ತಾರೆ. ಒಳ್ಳೆಯ ಕಾರ್ಬನ್ ಆದರೆ ಒಂದೇ ಗ್ರಾಮಿನ ಒಳಮೈ 500 ಚದರ ಮೀಟರಿಗೂ ಜಾಸ್ತಿ. ಆಮ್ಲದ ಕೆಲಸ ಮನೆಯಲ್ಲಿ ಬೇಡ, ಕಾಲೇಜು ಲ್ಯಾಬಿನಲ್ಲಿ ಮಾಡಿ. ಆಮೇಲೆ ಹುಳಿ ಪೂರ್ತಿ ಹೋಗುವವರೆಗೂ ತೊಳೆಯಿರಿ. ಇಲ್ಲಿ ಎಲ್ಲರೂ ಅವಸರ ಮಾಡುತ್ತಾರೆ.

ನನ್ನನ್ನು ಕೇಳಿದರೆ ಹೊಟ್ಟಿಗಿಂತ ಜಾಲಿಯೇ ವಾಸಿ. ಅದರಲ್ಲಿ ಬೂದಿ ಕಡಿಮೆ. ಕೆರೆ ಏರಿ, ಬೀಳು ಹೊಲ ಎಲ್ಲ ತುಂಬಿಕೊಂಡಿದೆ, ಕಡಿದರೆ ರೈತರಿಗೂ ಖುಷಿ ಅಲ್ವಾ?

ಜೀನ್ಸ್ ನೀರನ್ನು ನೇರವಾಗಿ ಕಾರ್ಬನ್ನಿಗೆ ಬಿಡಬೇಡಿ. ಅದರ ನೀಲಿ ಬಣ್ಣದಲ್ಲಿ ಬಹಳಷ್ಟು ಕರಗದ ಕಣಗಳೇ ಇರುತ್ತವೆ, ಜೊತೆಗೆ ನೂಲಿನ ಎಳೆ, ಜೀನ್ಸ್ ತೊಳೆಯುವಾಗ ಹಾಕೋ ಕಲ್ಲಿನ ಪುಡಿ. ಪಟಿಕ ಹಾಕಿ ತಳಕ್ಕೆ ಕೂರಿಸಿ, ತಿಳಿನೀರನ್ನಷ್ಟೇ ಹಾಯಿಸಿ. ಇಲ್ಲದಿದ್ದರೆ ಕಾರ್ಬನ್ ಬೇಗ ಕಟ್ಟಿಕೊಳ್ಳುತ್ತೆ.

ಫ್ಲೋರೈಡಿನ ಕಥೆ ಬೇರೆ. ಸಾದಾ ಕಾರ್ಬನ್ ಬಣ್ಣವನ್ನು ಹಿಡಿದ ಹಾಗೆ ಫ್ಲೋರೈಡನ್ನು ಹಿಡಿಯಲ್ಲ. ಅದಕ್ಕೆ ಆಕ್ಟಿವೇಟೆಡ್ ಅಲ್ಯುಮಿನಾ (ಫ್ಲೋರೈಡ್ ಹಿಡಿಯೋ ಅಲ್ಯುಮಿನಿಯಂ ಆಕ್ಸೈಡಿನ ಕಾಳು) ಅಥವಾ ಆರ್‌ಒ ಫಿಲ್ಟರ್ ಬೇಕು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 1.5 ತನಕ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನೀರು ತಿಳಿಯಾಗಿದೆ ಅಂತ ನಂಬಿ ಮಕ್ಕಳಿಗೆ ಕುಡಿಸಿದರೆ ಹಲ್ಲು, ಮೂಳೆ ಎರಡೂ ಕೆಡುತ್ತವೆ. ಮೊದಲು ಬೋರ್‌ವೆಲ್ ನೀರನ್ನು ಲ್ಯಾಬಿಗೆ ಕೊಟ್ಟು ಎಷ್ಟಿದೆ ಅಂತ ತಿಳಿದುಕೊಳ್ಳಿ.