ಚಿಂಕಾರ ಬಂತು

ನಾನು ಆಪ್ತಸಮಾಲೋಚಕಿ. ಮಗು ಪ್ರಾಣಿಯ ಮುಖವಾಡ ಹಾಕಿಕೊಳ್ಳುತ್ತದೆ, ತಾನು ಗಂಡೋ ಹೆಣ್ಣೋ ಗೊತ್ತಾಗುತ್ತಿಲ್ಲ ಅನ್ನುತ್ತದೆ ಅನ್ನುವ ಮಾತು ಹೊತ್ತುಕೊಂಡು ಎರಡು ವರ್ಷದಲ್ಲಿ ನನ್ನ ಹತ್ತಿರ ಬಂದ ಮೂರನೇ ಮನೆ ಇದು. ಅದಕ್ಕೇ ಬರೆಯುತ್ತಿದ್ದೇನೆ. ಮೂರೂ ಮನೆಯವರು ಮೊದಲು ಸಿಟ್ಟು ತೀರಿಸಿಕೊಂಡಿದ್ದು ಮಕ್ಕಳ ಚಿತ್ರಗಳ ಮೇಲೆ, ಫೋನಿನ ಮೇಲೆ. ಒಂದು ಮನೆಯಲ್ಲಂತೂ ಮಗಳು ತಿಂಗಳುಗಟ್ಟಲೆ ಕೂತು ಮಾಡಿದ ಮುಖವಾಡವನ್ನು ಒಲೆಗೆ ಹಾಕಿದ್ದರು. ಆಕೆ ಒಂದು ಸಲ ಬಂದವಳು ಮತ್ತೆ ಬರಲಿಲ್ಲ. ಅದು ಇವತ್ತಿಗೂ ನನ್ನನ್ನು ಕೊರೆಯುತ್ತದೆ.

ಈಗ ಹೇಳುವ ವಿದ್ಯಾರ್ಥಿಯ ಒಪ್ಪಿಗೆ ಕೇಳಿ ಬರೆದಿದ್ದೇನೆ. ಗುರುತು ಸಿಗಬಾರದೆಂದು ಊರು, ಓದು ಬದಲಿಸಿದ್ದೇನೆ. ವಯಸ್ಸು 19. ಬಾಗಲಕೋಟೆ ಜಿಲ್ಲೆಯವರು, ನವನಗರದಲ್ಲಿ ರೂಮು ಮಾಡಿಕೊಂಡು ಡಿಗ್ರಿ ಓದುತ್ತಿದ್ದಾರೆ. ತಾಯಿ ಮನೆಯಲ್ಲೇ ಕುಪ್ಪಸ ಹೊಲಿಯುತ್ತಾರೆ. ತಂದೆ ಮಗ್ಗದ ಕೆಲಸ ಬಿಟ್ಟು ಈಗ ಸಣ್ಣ ವ್ಯಾಪಾರ ಮಾಡುತ್ತಾರೆ. ಹುಟ್ಟಿದಾಗ ಗಂಡು ಕೂಸು ಅಂತ ಪೇಡೆ ಹಂಚಿದ ಮನೆ.

ಮೊದಲ ದಿನ ತಾಯಿಯೇ ಮಾತಾಡಿದರು. "ರಾತ್ರಿ ಎಲ್ಲಾ ಪ್ರಾಣಿ ಚಿತ್ರ ತಗೀತಾನ್ರಿ ಮೇಡಂ. ಪ್ರಾಣಿ ಮಾರಿ ಹಾಕ್ಕೊಂಡು ಕನ್ನಡಿ ಮುಂದ ಕುಂದರ್ತಾನ. ಯಾಕಪಾ ಅಂತ ಕೇಳಿದ್ರ, ನಾ ಗಂಡೋ ಹೆಣ್ಣೋ ನನಗ ಗೊತ್ತಾಗವಲ್ದವ್ವಾ ಅಂದ. ಯಾರರ ಏನರ ಮಾಡಿಸ್ಯಾರೇನ್ರಿ?" ತಂದೆ ಕೇಳಿದ್ದು ಒಂದೇ ಪ್ರಶ್ನೆ: "ಮದುವಿ ಮಾಡಿದ್ರ ಸರಿ ಆಗ್ತಾನೇನ್ರಿ?"

ಅವತ್ತು ನಾನು ಒಂದು ತಪ್ಪು ಮಾಡಿದೆ. ದಿನಕ್ಕೆ ಎಷ್ಟು ತಾಸು ಫೋನು ನೋಡ್ತೀಯಾ ಅಂತ ಮೊದಲು ಕೇಳಿದೆ. ಆ ಮುಖ ಅಲ್ಲೇ ಮುಚ್ಚಿಕೊಂಡಿತು. ಏನು ಚಿತ್ರ ಬಿಡಿಸ್ತೀಯಾ ಅಂತ ಕೇಳಬೇಕಿತ್ತು.

ಈ ಚಿತ್ರ, ಮುಖವಾಡಗಳ ಹಿಂದೆ ಇದ್ದದ್ದು ಫರಿ ಫ್ಯಾಂಡಮ್. ಹಾಗಂದರೆ ಏನು ಅಂತ ಮನೆಯವರಿಗೆ ಹೇಳಬೇಕಾಯಿತು. ಮನುಷ್ಯರ ಹಾಗೆ ನಡೆಯುವ, ಮಾತಾಡುವ ಪ್ರಾಣಿಪಾತ್ರಗಳನ್ನು ಇಷ್ಟಪಡುವವರ ಬಳಗ ಅದು. ಅಮೆರಿಕದಲ್ಲಿ ವೈಜ್ಞಾನಿಕ ಕಥೆಗಳ ಅಭಿಮಾನಿಗಳು ಸೇರುವ ಕಡೆ 1980ರ ಆಸುಪಾಸಿನಲ್ಲಿ ಚಿಗುರಿತು. ಇದಕ್ಕೇ ಅಂತ ಮೊದಲ ಸಮಾವೇಶ ನಡೆದದ್ದು 1989ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ತುಂಬ ಜನ ತಮಗೇ ಅಂತ ಒಂದು ಪಾತ್ರ ಕಟ್ಟಿಕೊಳ್ಳುತ್ತಾರೆ. ಅದನ್ನು ಫರ್ಸೋನಾ ಅನ್ನುತ್ತಾರೆ. ಅದರ ಚಿತ್ರ ಬಿಡಿಸುತ್ತಾರೆ, ಕಥೆ ಬರೆಯುತ್ತಾರೆ. ಮೈತುಂಬ ವೇಷ ಹೊಲಿಸಿಕೊಳ್ಳುವವರು ಕಡಿಮೆ, ಅದಕ್ಕೆ ಖರ್ಚು ಜಾಸ್ತಿ. ಇವರಲ್ಲಿ ಹೆಚ್ಚಿನವರು ತಾವು ನಿಜಕ್ಕೂ ಪ್ರಾಣಿ ಅಂತ ನಂಬಿ ಕೂತವರಲ್ಲ ಅಂದಾಗ ತಾಯಿಗೆ ಸ್ವಲ್ಪ ಉಸಿರು ಬಂತು. ತನಗೆ ಹೊಂದುವ ಪಾತ್ರ ಕಟ್ಟಿ ಆಡುವ ಆಟ, ಕಲೆ. ಅಷ್ಟೇ.

ನಮ್ಮ ಕಡೆಯವರಿಗೆ ಇದು ಅಷ್ಟು ಹೊಸದೂ ಅಲ್ಲ, ಅಲ್ವಾ? ಮೊಹರಂ ಬಂದರೆ ಹರಕೆ ಹೊತ್ತ ಮನೆಯ ಹುಡುಗರು ಮೈಗೆ ಬಣ್ಣ ಬಳಿದುಕೊಂಡು ಹುಲಿಯಾಗುತ್ತಾರೆ. ಅದರಲ್ಲಿ ಹಿಂದೂ ಮನೆಯವರೂ ಇರುತ್ತಾರೆ. ಶ್ರೀಕೃಷ್ಣ ಪಾರಿಜಾತದಲ್ಲಿ ಗಂಡಸರು ಸತ್ಯಭಾಮೆಯ ಪಾತ್ರ ಮಾಡಿದ್ದನ್ನು ನೋಡಿದ ಹಿರಿಯರು ಪ್ರತಿ ಊರಲ್ಲೂ ಸಿಗುತ್ತಾರೆ. ಇದನ್ನು ಹೇಳುವಾಗ ತಂದೆ ತಲೆ ತಗ್ಗಿಸಿದರು. "ನಾನೂ ಎಂಟು ವರ್ಷದಾಂವ ಇದ್ದಾಗ ಹುಲಿ ಆಗಿದ್ದೆ. ನಮ್ಮವ್ವ ಬೇಡ್ಕೊಂಡಿದ್ಲು" ಅಂದರು. ಅಷ್ಟು ಹೇಳಿ ಸುಮ್ಮನಾದರು.

ಎಲ್ಲ ಬದಲಾದದ್ದು ಮೂರನೇ ಭೇಟಿಯಲ್ಲಿ. ಮುಖವಾಡ ತರಲು ಹೇಳಿದ್ದೆ. ಬಟ್ಟೆ ಅಂಗಡಿಯ ಕೈಚೀಲದಲ್ಲಿ ತಂದರು. ರಟ್ಟು, ಫೋಮ್, ಹಾಟ್ ಗ್ಲೂ, ಮೇಲೆ ಕಂದು ಬಣ್ಣದ ತುಪ್ಪಳದ ಬಟ್ಟೆ. ಕಣ್ಣಿನ ಪಕ್ಕದಿಂದ ಮೂಗಿನ ಕಡೆಗೆ ಇಳಿದ ಬಿಳಿ ಗೆರೆ. ಎರಡು ಕೊಂಬು. ತಾಯಿ ದೂರ ಕೂತಿದ್ದರು, ನೋಡಲು ಇಷ್ಟವಿರಲಿಲ್ಲ. ಆಮೇಲೆ ತಟ್ಟನೆ ಎದ್ದು ಬಂದು ಅದರ ಕಿವಿ ಹಿಡಿದರು.

"ಇದು ನನ್ನ ಖಣ ಅಲ್ಲೇನೋ?"

ಕಿವಿಯ ಒಳಗೆ ಹಚ್ಚಿದ್ದು ಗುಳೇದಗುಡ್ಡದ ಖಣದ ತುಂಡು. ಕುಪ್ಪಸ ಕತ್ತರಿಸಿದ ಮೇಲೆ ಮಷಿನ್ನಿನ ಕೆಳಗೆ ಉಳಿಯುತ್ತಿದ್ದ ಚೂರುಗಳನ್ನು ಮಗು ವರ್ಷದಿಂದ ಆರಿಸಿ ಇಟ್ಟುಕೊಂಡಿತ್ತು. ತಾಯಿ ಆ ಹೊಲಿಗೆ ತಿರುವಿ ನೋಡಿದರು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ಆಮೇಲೆ ಅವರೇ ಕೇಳಿದರು, "ಇದು ಗಂಡೋ ಹೆಣ್ಣೋ?"

"ಚಿಂಕಾರ ಐತೆವ್ವಾ ಇದು. ಬೀಳಗಿ ಕಡೆ ಯಡಹಳ್ಳಿ ಅಡವ್ಯಾಗ ಅದಾವಲ್ಲ, ಅವು. ಹರಣ್ಯಾ ಬ್ಯಾರೆ, ಅದರಾಗ ಗಂಡಿಗಷ್ಟ ಕೊಂಬು. ಇದರಾಗ ಹೆಣ್ಣಿಗೂ ಕೊಂಬು ಇರ್ತಾವ. ದೂರಿಂದ ನೋಡಿದ್ರ ಯಾವ್ದು ಯಾವ್ದಂತ ಲಗೂನ ತಿಳಿಯಂಗಿಲ್ಲ."

ಚಿಂಕಾರ ಅಂದರೆ ಒಂದು ಜಾತಿಯ ಸಣ್ಣ ಹುಲ್ಲೆ. ಈ ಮಾತು ನಿಜ. ಹೆಣ್ಣು ಚಿಂಕಾರದ ಕೊಂಬು ತೆಳ್ಳಗೆ, ಚಿಕ್ಕದಾಗಿರುತ್ತವೆ, ಆದರೆ ಸಾಮಾನ್ಯವಾಗಿ ಇರುತ್ತವೆ. ನಾನು ಕೇಳಿದೆ, ಇದನ್ನು ಹಾಕಿಕೊಂಡಾಗ ಏನು ಅನಿಸುತ್ತೆ ಅಂತ. ಆಗ ಬಂದ ಮಾತನ್ನು ಅವತ್ತೇ ರಾತ್ರಿ ಬರೆದಿಟ್ಟುಕೊಂಡೆ.

"ಎಲ್ಲಿ ಹೋದ್ರೂ ಜನ 'ಬಂದಾ ನೋಡು' ಅಂತಾರ್ರಿ. ಆ ಮಾತು ಬಿಗಿ ಅಂಗಿ ಹಾಕ್ಕೊಂಡಂಗ ಆಕ್ಕೈತಿ. 'ಬಂದ್ಳು' ಅಂತ ನನಗ ನಾನ ಅಂದು ನೋಡೀನಿ, ಒಂದೊಂದು ದಿನ ಚಲೋ ಅನಸ್ತೈತಿ, ಒಂದೊಂದು ದಿನ ಅದೂ ಹೊಂದಂಗಿಲ್ಲ. ಇದನ್ನ ಹಾಕ್ಕೊಂಡ್ರ ಗೆಳ್ಯಾರು 'ಚಿಂಕಾರ ಬಂತು' ಅಂತಾರ. ಬಂತು. ಅಷ್ಟ. ಆವಾಗ ಉಸಿರು ಸಲೀಸ ಆಡತೈತ್ರಿ ಮೇಡಂ."

ಹತ್ತು ವರ್ಷಕ್ಕೂ ಹೆಚ್ಚು ಈ ಕೆಲಸದಲ್ಲಿದ್ದರೂ ನನಗೆ ಇದು ಹೊಳೆದಿರಲಿಲ್ಲ. ಕನ್ನಡದಲ್ಲಿ ನಮ್ಮ ಬಗ್ಗೆ ನಾವು ಹೇಳುವಾಗ ಗಂಡು ಹೆಣ್ಣು ಅನ್ನುವ ಪ್ರಶ್ನೆಯೇ ಇಲ್ಲ. ನಾನು ಬಂದೆ, ನಾನು ಉಂಡೆ. ಯಾರು ಬೇಕಾದರೂ ಹಾಗೇ ಅನ್ನಬಹುದು. ಬೇರೆಯವರು ನಮ್ಮ ಬಗ್ಗೆ ಬಾಯಿ ತೆರೆದ ಕೂಡಲೇ ಬಂದನೋ ಬಂದಳೋ ಅಂತ ತೀರ್ಮಾನ ಆಗಿಬಿಡುತ್ತದೆ. ದೊಡ್ಡವರಿಗಾದರೆ ಬಂದರು ಅಂತೀವಿ, ಅವರು ಈ ತೀರ್ಮಾನದಿಂದ ಪಾರಾಗುತ್ತಾರೆ. 19 ವರ್ಷದವರಿಗೆ ಆ ಮರ್ಯಾದೆ ಯಾರು ಕೊಡ್ತಾರೆ? ಈ ಮಗು ಪ್ರಾಣಿಯ ಮೊರೆ ಹೋಗಿ ಆ ಜಾಗ ಹುಡುಕಿಕೊಂಡಿತು.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ತೃತೀಯ ಲಿಂಗಿಗಳನ್ನು ಬೀದಿಯಲ್ಲಿ 'ಅದು' ಅಂತ ಕರೆದು ನೋಯಿಸುವವರು ಇದ್ದಾರೆ. ಮುಖವಾಡದಲ್ಲಿ ಖುಷಿ ಕೊಡುವ ಮಾತು ಮುಖವಾಡದ ಹೊರಗೆ ಬೈಗುಳ ಆಗಬಹುದು. ಅದಕ್ಕೆ ನಿಮ್ಮನ್ನು ಹೇಗೆ ಕರೆಯಲಿ ಅಂತ ಕೇಳಿದೆ. "ಸದ್ಯ ಹೆಸರು ಹಿಡದ ಕರೀರಿ. ಬರಿಯೂ ಮುಂದ 'ಅವರು' ಅಂತ ಬರೀರಿ" ಅಂದರು. ಹಾಗೇ ಬರೆದಿದ್ದೇನೆ.

ಹೊರಡುವಾಗ ತಾಯಿ ನನ್ನನ್ನು ಪಕ್ಕಕ್ಕೆ ಕರೆದು ಪಿಸುಮಾತಿನಲ್ಲಿ ಕೇಳಿದರು, "ಎಲ್ಲವ್ವನ ಗುಡ್ಡಕ್ಕ ಕೊಡಬೇಕಾಕ್ಕೈತೇನ್ರಿ?" ನಮ್ಮ ಭಾಗದ ತಾಯಂದಿರ ದೊಡ್ಡ ಭಯ ಇದು. ಎಲ್ಲವ್ವನ ಸೇವೆಗೆ ನಿಂತು ಹೆಣ್ಣಿನ ಉಡುಗೆ ಉಡುವ ಸವದತ್ತಿಯ ಜೋಗಪ್ಪಂದಿರದು ಅವರದ್ದೇ ನಂಬಿಕೆ, ಅವರದ್ದೇ ಬದುಕು, ಅವರ ಬಗ್ಗೆ ನನಗೆ ಗೌರವ ಇದೆ. ಆದರೆ ನಿಮ್ಮ ಮಗು ಆ ದಾರಿ ಕೇಳಿಲ್ಲ, ಕೇಳದ ದಾರಿಗೆ ತಳ್ಳಬೇಡಿ ಅಂದೆ.

ನಾನು ಕೊಟ್ಟ ಸಲಹೆ ಇಷ್ಟು. ಮುಖವಾಡ, ಚಿತ್ರದ ಪುಸ್ತಕ ಯಾರೂ ಮುಟ್ಟಬಾರದು. ಮದುವೆಯ ಮಾತು ಎತ್ತಬಾರದು. ಗಂಡಿಗೆ 21 ತುಂಬದೆ ಮದುವೆಗೆ ಕಾನೂನೂ ಒಪ್ಪುವುದಿಲ್ಲ, ಮತ್ತೆ ಇನ್ನೊಂದು ಮನೆಯ ಹೆಣ್ಣುಮಗಳ ಬದುಕನ್ನು ಔಷಧಿ ಮಾಡಿಕೊಳ್ಳುವುದು ಯಾವ ನ್ಯಾಯ? ದೇವರು ಹೇಳಿಸುವವರ ಹತ್ತಿರ, 'ಗುಣ ಮಾಡ್ತೀನಿ' ಅನ್ನುವವರ ಹತ್ತಿರ ಕರೆದೊಯ್ಯಬಾರದು. ವಿದ್ಯಾರ್ಥಿಗೂ ಹೇಳಿದೆ: ರಾತ್ರಿ 12ಕ್ಕೆ ಫೋನು ಕೆಳಗಿಡಬೇಕು, ಕಾಲೇಜು ತಪ್ಪಿಸಬಾರದು. ಆನ್‌ಲೈನ್ ಬಳಗದಲ್ಲಿ ಮುಖ, ವಿಳಾಸ ಹಂಚಬಾರದು. ಅಲ್ಲಿ ವಯಸ್ಕರಿಗಷ್ಟೇ ಇರುವ ಮೂಲೆಗಳೂ ಇವೆ, ಕಮಿಷನ್, ಅಂದರೆ ದುಡ್ಡಿಗೆ ಚಿತ್ರ ಬಿಡಿಸಿಕೊಡುವ ಹೆಸರಲ್ಲಿ ದುಡ್ಡು ಹೊಡೆಯುವವರೂ ಇದ್ದಾರೆ. ಬದುಕು ಸಾಕು ಅನಿಸಿದ ಕ್ಷಣ ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನು ಮಾಡಬೇಕು. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಈ ಸಲಹೆಗೆ ಎರಡೂ ಕಡೆಯಿಂದ ಬೈಸಿಕೊಂಡಿದ್ದೇನೆ. ಒಬ್ಬ ಹಿರಿಯರು, ಇದು ವಯಸ್ಸಿನ ಹುಚ್ಚು, ಗದರಿಸಿದ್ದರೆ ಹೋಗುತ್ತಿತ್ತು ಅಂದರು. ಗದರಿಸಿದರೆ ಮಗು ಬಾಯಿ ಮುಚ್ಚುತ್ತದೆ. ಪ್ರಶ್ನೆ ಒಳಗೇ ಉಳಿದು ಕುದಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿ 2022ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ, ಹುಟ್ಟಿದಾಗ ಗುರುತಿಸಿದ ಲಿಂಗ ತನಗೆ ಹೊಂದದೆ ಇರುವುದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರಗಿಟ್ಟಿದೆ. ಇಂಥವರನ್ನು 'ಬದಲಿಸುವ' ಚಿಕಿತ್ಸೆ ಕೊಡುವುದು ವೃತ್ತಿಗೆ ಮಾಡುವ ಅಪಚಾರ ಅಂತ ನಮ್ಮ ದೇಶದ ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ವೈದ್ಯರಿಗೆ ಹೇಳಿದೆ. ನಾನು ವೈದ್ಯೆಯಲ್ಲ, ಆದರೆ ಆ ಗೆರೆ ನನಗೂ ಅನ್ವಯಿಸುತ್ತದೆ ಅಂತ ನಂಬಿದ್ದೇನೆ.

ಇನ್ನೊಬ್ಬ ಗೆಳತಿ, ಆ ಮಗುವಿಗೆ 'ನೀನು ಟ್ರಾನ್ಸ್' ಅಂತ ಬಾಯಿಬಿಟ್ಟು ಹೇಳಿ ಧೈರ್ಯ ತುಂಬಬೇಕಿತ್ತು ಅಂದಳು. ನನ್ನ ಕೈಲಾಗಲಿಲ್ಲ. ತಾನು ಯಾರು ಅಂತ ಹೇಳುವ ಹಕ್ಕು ಆ ವ್ಯಕ್ತಿಯದೇ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪು ಕೊಟ್ಟಿದೆ. ಆ ಹಕ್ಕನ್ನು ಅಪ್ಪ ಕಿತ್ತುಕೊಳ್ಳಬಾರದು ಅಂದ ಮೇಲೆ ನಾನೂ ಕಿತ್ತುಕೊಳ್ಳಬಾರದಲ್ವಾ? ಫರಿಗಳೆಲ್ಲರಿಗೂ ಲಿಂಗದ ಪ್ರಶ್ನೆ ಇರುತ್ತದೆ ಅಂತಿಲ್ಲ. ಮುಖವಾಡದಿಂದ ಆ ಪ್ರಶ್ನೆ ಹುಟ್ಟುವುದೂ ಇಲ್ಲ. ಮೊದಲೇ ಇದ್ದ ಪ್ರಶ್ನೆಯನ್ನು ಹೆದರದೆ ಕೇಳಿಕೊಳ್ಳಲು ಈ ಮಗುವಿಗೆ ಒಂದು ಮರೆ ಬೇಕಿತ್ತು. ಉತ್ತರ ನಾಳೆ ಸಿಗಬಹುದು, ಐದು ವರ್ಷಕ್ಕೆ ಸಿಗಬಹುದು. ಅಲ್ಲಿಯವರೆಗೆ ಆ ಮರೆಯನ್ನು ಸುಡಬೇಡಿ ಅಂತ ಎಲ್ಲ ತಂದೆ ತಾಯಿಗೂ ಕೈಮುಗಿದು ಕೇಳುತ್ತೇನೆ.

ಅವರು ಈಗ ತಿಂಗಳಿಗೊಮ್ಮೆ ಬರುತ್ತಾರೆ. ತಂದೆ ಬಂದಿದ್ದು ಎರಡೇ ಸಲ. ಹೋದ ವಾರ ತಾಯಿ ಫೋನು ಮಾಡಿದ್ದರು. ಮುಖವಾಡದ ಬಲಗಿವಿಯ ಖಣ ಬಿಚ್ಚಿಕೊಂಡಿದೆಯಂತೆ. "ಗೋಂದು ಹಚ್ಚಿದ್ರ ನಿಲ್ಲಂಗಿಲ್ರಿ ಅದು, ಕೈಹೊಲಿಗಿ ಹಾಕಬೇಕು. ಮುಟ್ಟಬ್ಯಾಡ್ರಿ ಅಂದಿದ್ರಲ್ಲ, ನಾ ಹಾಕಿ ಕೊಡ್ಲೇನ್ರಿ?" ಅಂತ ಕೇಳಿದರು. ಮಗುವನ್ನೇ ಕೇಳ್ರಿ ಅಂದೆ.